ಪೆಟ್ಟಿಗೆಯಲ್ಲಿರುವ ಕೋವಿಯಿಂದ ಈಡು ಹೊಡೆಯಬಹುದಾ?

(ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಮೊದಲು ವಸ್ತುವನ್ನೇ ನೋಡಿಬಿಡೋಣ. ಪರದೆಯ ಮೇಲೆ ಕಾಣುತ್ತಿರುವುದು ವಿಂಚೆಸ್ಟರ್ ಕಂಪನಿ ತನ್ನ ನೂರು ವರ್ಷದ ನೆನಪಿಗೆ 1966ರಲ್ಲಿ ಮಾರಾಟಕ್ಕೆ ಬಿಟ್ಟ ಸೆಂಟೆನಿಯಲ್ 66 ರೈಫಲ್. ಹೀಗೆ ಯಾವುದಾದರೂ ನೆನಪಿಗೆ ಅಂತ ಮಾಡಿದ ರೈಫಲ್‌ಗಳಿಗೆ ಕಮೆಮೊರೇಟಿವ್ ಅನ್ನುತ್ತಾರೆ. ನಳಿಗೆಗೆ ಎಂಟು ಮುಖ. ನಡುವಿನ ಉಕ್ಕಿನ ಭಾಗ, ರಿಸೀವರ್ ಅನ್ನುತ್ತಾರಲ್ಲ, ಅದಕ್ಕೆ ಪೂರ್ತಿ ಚಿನ್ನದ ಲೇಪ. ಹಿಂದೆ ಭುಜಕ್ಕೆ ತಾಗುವ ಕಡೆ ಅರ್ಧಚಂದ್ರದ ಆಕಾರದ ಹಿತ್ತಾಳೆ. ಕೆಳಗಿರುವ ಬಳೆಯಂಥ ಲಿವರನ್ನು ಒಮ್ಮೆ ಕೆಳಕ್ಕೆ ತಳ್ಳಿ ಮೇಲಕ್ಕೆ ಎಳೆದರೆ ಮುಂದಿನ ತೋಟಾ ತಾನೇ ನಳಿಗೆಯೊಳಗೆ ಹೋಗಿ ಕೂರುತ್ತದೆ. ಲಿವರ್ ಆಕ್ಷನ್ ಅಂದರೆ ಇಷ್ಟೇ.

ಇದನ್ನು ಕೊಂಡವರಲ್ಲಿ ತುಂಬಾ ಜನ ಒಂದು ಈಡೂ ಹೊಡೆಯಲಿಲ್ಲ. ಪೆಟ್ಟಿಗೆ ತೆರೆದರು, ಮನೆಯವರಿಗೆಲ್ಲ ತೋರಿಸಿದರು, ಮತ್ತೆ ಮುಚ್ಚಿಟ್ಟರು. ಮುಂದೆ ಮಕ್ಕಳ ಕಾಲಕ್ಕೆ ಒಳ್ಳೆ ಬೆಲೆ ಬರುತ್ತದೆ ಅನ್ನುವುದು ಲೆಕ್ಕ. ಆ ಮಕ್ಕಳು ಈಗ ಅರವತ್ತು ದಾಟಿದ್ದಾರೆ. ಪೆಟ್ಟಿಗೆಗಳು ಈಗ ಅವರ ಕೈಯಿಂದ ಮಾರುಕಟ್ಟೆಗೆ ಬರುತ್ತಿವೆ. ಇಲ್ಲಿ ಹಳ್ಳಿ ಕಡೆ ಜಾಗ ತೆಗೆದುಕೊಂಡ ನಮ್ಮವರಿಗೂ ಪಕ್ಕದ ಮನೆಯ ಅಜ್ಜನಿಂದಲೋ ತೀರಿಹೋದವರ ಮನೆಯ ಸಾಮಾನು ಮಾರುವ ಎಸ್ಟೇಟ್ ಸೇಲ್‌ನಿಂದಲೋ ಒಂದೊಂದು ಸಿಗುತ್ತಿದೆ. ಎಲ್ಲರೂ ಕೇಳುವುದು ಒಂದೇ. ಹೊಡೆಯಬಹುದಾ, ಹೊಡೆದರೆ ಹಾಳಾಗುತ್ತದಾ?

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಇಂಥ ರೈಫಲ್‌ಗಳಲ್ಲಿ ಬಹುಪಾಲು ಹೊಡೆಯಲಿಕ್ಕೇ ಯೋಗ್ಯವಾದವು, ಹೊಡೆಯಬೇಕು. ಮುಟ್ಟದೆ ಇಡಬೇಕಾದವು ಕೆಲವು ಇವೆ, ಆದರೆ ಜನ ಅಂದುಕೊಂಡಷ್ಟಿಲ್ಲ. ಯಾವುದು ಯಾವ ಗುಂಪಿಗೆ ಸೇರಿದ್ದು ಅಂತ ತಿಳಿಯಬೇಕಾದರೆ ಇವು ಹುಟ್ಟಿದ ಕಥೆ ಸ್ವಲ್ಪ ಗೊತ್ತಿರಬೇಕು.

ಇವೆಲ್ಲದರ ಬುಡ ವಿಂಚೆಸ್ಟರ್ ಮಾಡೆಲ್ 1894, ಚಿಕ್ಕದಾಗಿ ಮಾಡೆಲ್ 94. ವಿನ್ಯಾಸ ಮಾಡಿದವರು ಜಾನ್ ಮೋಸಸ್ ಬ್ರೌನಿಂಗ್, ಯೂಟಾ ರಾಜ್ಯದ ಆಗ್ಡೆನ್ ಊರಿನವರು. ತಯಾರಾಗುತ್ತಿದ್ದದ್ದು ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ. 1895ರಲ್ಲಿ ಇದಕ್ಕೆ ಹೊಗೆಯಿಲ್ಲದ ಮದ್ದಿನ .30-30 ತೋಟಾ ಬಂತು. ಅಲ್ಲಿಂದ ಮುಂದೆ ಅಮೆರಿಕದ ಹಳ್ಳಿಮನೆಗಳಲ್ಲಿ ಬಾಗಿಲ ಹಿಂದೆ, ಪಿಕಪ್ ಟ್ರಕ್ಕಿನ ಹಿಂದಿನ ಕಿಟಕಿಯ ಸ್ಟ್ಯಾಂಡಿನಲ್ಲಿ ನಿಂತದ್ದು ಇದೇ ಕೋವಿ. ನ್ಯೂ ಹೇವನ್ ಕಾರ್ಖಾನೆ 2006ರಲ್ಲಿ ಮುಚ್ಚುವ ಹೊತ್ತಿಗೆ 70 ಲಕ್ಷಕ್ಕೂ ಜಾಸ್ತಿ ತಯಾರಾಗಿದ್ದವು. ಜಿಂಕೆ ಬೇಟೆಗೆ ಇದಕ್ಕಿಂತ ಮನೆಮಾತಾದ ಇನ್ನೊಂದು ಕೋವಿ ಈ ದೇಶದಲ್ಲಿ ಇಲ್ಲ ಅಂತಲೇ ನನ್ನ ಅನಿಸಿಕೆ.

ಇದನ್ನು ಉಡುಗೊರೆಯಾಗಿ ಕೊಡುವ ಪದ್ಧತಿ ಮೊದಲಿಂದಲೂ ಇತ್ತು. 10 ಲಕ್ಷದ ನಂಬರಿನ ರೈಫಲ್ ಅನ್ನು 1927ರಲ್ಲಿ ಅಧ್ಯಕ್ಷ ಕ್ಯಾಲ್ವಿನ್ ಕೂಲಿಡ್ಜ್ ಅವರಿಗೆ ಕೊಟ್ಟರು. 15 ಲಕ್ಷದ್ದು 1948ರಲ್ಲಿ ಹ್ಯಾರಿ ಟ್ರೂಮನ್‌ಗೆ, 20 ಲಕ್ಷದ್ದು 1953ರಲ್ಲಿ ಐಸೆನ್‌ಹೋವರ್‌ಗೆ. ಇವು ನಿಜವಾಗಿಯೂ ಒಂದೊಂದೇ ಇರುವ ವಸ್ತುಗಳು. ಅವುಗಳ ವಿಷಯ ಬೇರೆ.

ಆಮೇಲೆ 1964 ಬಂತು. ವಿಂಚೆಸ್ಟರ್ ಬಗ್ಗೆ ಯಾರ ಹತ್ತಿರ ಮಾತಾಡಿದರೂ ಈ ಇಸವಿ ಬಂದೇ ಬರುತ್ತದೆ. ಖರ್ಚು ತಗ್ಗಿಸಬೇಕು ಅಂತ ಕಂಪನಿ ತಯಾರಿಸುವ ರೀತಿಯನ್ನೇ ಬದಲಿಸಿತು. ಮೊದಲು ಉಕ್ಕಿನ ಗಟ್ಟಿಯನ್ನು ಕಡೆದು ಮಾಡುತ್ತಿದ್ದ ತೋಟಾ ಎತ್ತುವ ಭಾಗವನ್ನು ತಗಡು ಒತ್ತಿ ಮಾಡತೊಡಗಿದರು. ಗಟ್ಟಿ ಪಿನ್ನುಗಳ ಜಾಗಕ್ಕೆ ಟೊಳ್ಳು ಪಿನ್ನುಗಳು ಬಂದವು. ರಿಸೀವರ್‌ಗೆ ಬೇರೆ ಬಗೆಯ ಉಕ್ಕು ಬಳಸಿದರು. ಅದು ಮಾಮೂಲಿ ಬ್ಲೂಯಿಂಗ್, ಅಂದರೆ ಕೋವಿಯ ಉಕ್ಕಿಗೆ ಕೊಡುವ ನೀಲಿಗಪ್ಪು ಬಣ್ಣ, ಹಿಡಿಯುತ್ತಿರಲಿಲ್ಲ, ಹಾಗಾಗಿ ಮೇಲೆ ಕಬ್ಬಿಣದ ತೆಳು ಲೇಪ ಹಾಕಿ ಕಪ್ಪು ಮಾಡುತ್ತಿದ್ದರು. ವರ್ಷಗಳು ಕಳೆದ ಹಾಗೆ ಆ ಲೇಪ ಅಲ್ಲಲ್ಲಿ ಎದ್ದು ಬರುತ್ತದೆ. ಬಳಸಿ ಗೊತ್ತಿದ್ದವರಿಗೆ ಸಿಟ್ಟು ಬಂತು, ಬರದೆ ಇರುತ್ತದೆಯೇ? ಇವತ್ತಿಗೂ ಅಂಗಡಿಯಲ್ಲಿ '64ಕ್ಕೆ ಮುಂಚಿನದಾ, ಆಮೇಲಿನದಾ' ಅಂತಲೇ ಮೊದಲು ಕೇಳುತ್ತಾರೆ.

ಅದೇ 1964ರಲ್ಲಿ ಮೊದಲ ಕಮೆಮೊರೇಟಿವ್ ಬಂತು. ವಯೋಮಿಂಗ್ ರಾಜ್ಯವಾದದ್ದು 1890ರಲ್ಲಿ, ಅದರ 75 ವರ್ಷದ ಸಂಭ್ರಮಕ್ಕೆ ಮಾಡಿದ್ದು. ತಯಾರಾದದ್ದು 1500ರಷ್ಟು ಮಾತ್ರ. ಬೇಗ ಖರ್ಚಾಯಿತು. ಕಂಪನಿಗೆ ದಾರಿ ಸಿಕ್ಕಿತು. 1966ಕ್ಕೆ ವಿಂಚೆಸ್ಟರ್ ಹೆಸರಿಗೇ ನೂರು ವರ್ಷ, ಆಗ ಈ ಪರದೆಯ ಮೇಲಿರುವ ಸೆಂಟೆನಿಯಲ್ 66 ಬಂತು. 1967ಕ್ಕೆ ಕೆನಡಾದ ನೂರು ವರ್ಷ. ಅದೇ ವರ್ಷ ಅಲಾಸ್ಕಾ ಖರೀದಿಯ ನೂರು ವರ್ಷ. 1968ಕ್ಕೆ ವೈಲ್ಡ್ ವೆಸ್ಟ್ ಪ್ರದರ್ಶನಗಳಿಗೆ ಹೆಸರಾದ ಬಫಲೋ ಬಿಲ್. 1969ಕ್ಕೆ ಎರಡು: ಥಿಯೋಡೋರ್ ರೂಸ್ವೆಲ್ಟ್ ಹೆಸರಿನದು ಒಂದು, ರೈಲು ಹಳಿ ದೇಶದ ಪೂರ್ವ ಪಶ್ಚಿಮವನ್ನು ಕೂಡಿಸಿದ 1869ರ ನೆನಪಿಗೆ ಗೋಲ್ಡನ್ ಸ್ಪೈಕ್ ಇನ್ನೊಂದು. 1981ಕ್ಕೆ ನಟ ಜಾನ್ ವೇನ್. ಮಧ್ಯದಲ್ಲಿ ಕೌಬಾಯ್‌ಗಳಿಗೆ, ಟೆಕ್ಸಾಸ್ ರೇಂಜರ್‌ಗಳಿಗೆ, ವೆಲ್ಸ್ ಫಾರ್ಗೋಗೆ, ಹೀಗೆ ಪಟ್ಟಿ ಬೆಳೆಯುತ್ತಾ ಹೋಯಿತು.

ಈಗ ಗಮನ ಕೊಟ್ಟು ಕೇಳಿ, ಯಾಕೆಂದರೆ ಇಡೀ ವಿಷಯ ನಿಂತಿರುವುದು ಇಲ್ಲಿ. ವಯೋಮಿಂಗ್ ಮತ್ತು ಅಲಾಸ್ಕಾ ತಲಾ 1500ರ ಆಸುಪಾಸು. ಸೆಂಟೆನಿಯಲ್ 66 ಲಕ್ಷದ ಮೇಲೆ. ಬಫಲೋ ಬಿಲ್ ಲಕ್ಷದ ಮೇಲೆ. ಕೆನಡಾದ್ದು 90 ಸಾವಿರ. ಗೋಲ್ಡನ್ ಸ್ಪೈಕ್ ಸುಮಾರು 70 ಸಾವಿರ. ಎಲ್ಲದರ ಜಾಹೀರಾತಿನಲ್ಲೂ 'ನೆನಪಿಗೆ', 'ಸೀಮಿತ' ಅನ್ನುವ ಭಾವನೆ ಒಂದೇ ಥರ ಇತ್ತು. ಆದರೆ 1500 ಎಲ್ಲಿ, ಲಕ್ಷ ಎಲ್ಲಿ! ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಇದೆ. ಲಕ್ಷ ಜನ ಕೊಂಡು ಲಕ್ಷ ಜನವೂ ಪೆಟ್ಟಿಗೆಯಲ್ಲೇ ಇಟ್ಟರೆ, ಅರವತ್ತು ವರ್ಷ ಕಳೆದರೂ ಪೆಟ್ಟಿಗೆಯಲ್ಲಿರುವ ಕೋವಿ ಅಪರೂಪ ಆಗುವುದು ಹೇಗೆ? 1950ರ ಸುಮಾರಿನ ಸಾದಾ ಮಾಡೆಲ್ 94 ತೆಗೆದುಕೊಳ್ಳಿ. ಅದನ್ನು ಯಾರೂ ಜೋಪಾನ ಮಾಡಲಿಲ್ಲ. ಮಳೆಯಲ್ಲಿ ನೆನೆಯಿತು, ಜೀನಿಗೆ ಉಜ್ಜಿತು, ಟ್ರಕ್ಕಿನಲ್ಲಿ ಕುಲುಕಿತು. ಬಳಸಿ ಸವೆಸಿದ್ದರಿಂದಲೇ ಇವತ್ತು ಸವೆಯದ ಒಂದು ಸಿಕ್ಕರೆ ಜನ ಮುಗಿಬೀಳುತ್ತಾರೆ. ಚಿನ್ನದ ಲೇಪದ ರೈಫಲ್‌ಗೆ ಆ ಭಾಗ್ಯ ಇಲ್ಲ, ಎಲ್ಲರ ಮನೆಯಲ್ಲೂ ಹೊಸದಾಗಿಯೇ ಇದೆ.

ಬೆಲೆಯ ಲೆಕ್ಕವನ್ನೂ ಹಾಕಿ ನೋಡೋಣ. ಬಫಲೋ ಬಿಲ್ 1968ರಲ್ಲಿ ಅಂಗಡಿಯಲ್ಲಿ 130 ಡಾಲರ್ ಆಸುಪಾಸಿನಲ್ಲಿ ಸಿಗುತ್ತಿತ್ತು. ಹಣದುಬ್ಬರ ಸೇರಿಸಿದರೆ ಅದು ಇವತ್ತಿನ 1100 ಡಾಲರ್‌ಗೂ ಜಾಸ್ತಿ. ಪೆಟ್ಟಿಗೆ, ಹೊರಗಿನ ಕವರ್, ಚೀಟಿ ಎಲ್ಲ ಇರುವ ಹೊಸ ಬಫಲೋ ಬಿಲ್‌ಗೆ ಇವತ್ತು ಕೇಳುವ ಬೆಲೆ ಸಾವಿರ ಡಾಲರ್‌ನ ಆಚೀಚೆ. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಮುಟ್ಟದೆ ಕಾದವರಿಗೆ ಹಾಕಿದ ದುಡ್ಡು ಹೆಚ್ಚುಕಮ್ಮಿ ಹಾಕಿದ ಹಾಗೇ ವಾಪಸ್ ಬರುತ್ತದೆ. ಇದನ್ನು ಕೇಳಿದಾಗ ಕೆಲವರಿಗೆ ಬೇಸರ ಆಗುತ್ತದೆ, ನನಗೂ ಆಗುತ್ತದೆ. ಕಾದವರ ಮೇಲೆ ನನಗೆ ಗೌರವ ಇದೆ. ಮಗನಿಗೆ ಏನಾದರೂ ಉಳಿಸಬೇಕು ಅಂತ ಸಂಬಳದಲ್ಲಿ ಮಿಗಿಸಿ ತಂದಿಟ್ಟವರು ಅವರು.

ಸರಿ, 'ಹೊಡೆಯದ ಕೋವಿ' ಅಂದರೆ ಏನು? ಅಂಥ ಕೋವಿಯೇ ಇಲ್ಲ. ಪ್ರತಿಯೊಂದು ವಿಂಚೆಸ್ಟರ್ ರೈಫಲ್‌ಗೂ ಕಾರ್ಖಾನೆಯಲ್ಲೇ ಜಾಸ್ತಿ ಒತ್ತಡದ ತೋಟಾ ಹಾಕಿ ಪರೀಕ್ಷೆ ಮಾಡುತ್ತಿದ್ದರು. ಪಾಸಾದರೆ ನಳಿಗೆಯ ಮೇಲೆ ಒಂದು ಮೊಟ್ಟೆಯಾಕಾರದ ಗುರುತು ಒತ್ತುತ್ತಿದ್ದರು, ಒಳಗೆ ಡಬ್ಲ್ಯೂ ಮತ್ತು ಪಿ ಅಕ್ಷರ. ಹಾಗಾಗಿ ಮಾರುವವರು ಹೊಡೆದಿಲ್ಲ ಅಂದರೆ ಕಾರ್ಖಾನೆಯಿಂದ ಬಂದ ಮೇಲೆ ಹೊಡೆದಿಲ್ಲ ಅಂತ ಅರ್ಥ. ಅದು ನಿಜವೋ ಸುಳ್ಳೋ ಅಂತ ಕಂಡುಹಿಡಿಯಲು ಎರಡು ಜಾಗ ನೋಡಬೇಕು. ಮುಂದಿನ ಚಿತ್ರ ಹತ್ತಿರದಿಂದ ತೆಗೆದದ್ದು, ನೋಡಿ.

ಹಿಂದುಗಡೆ ಎದ್ದು ನಿಂತಿರುವುದು ಹ್ಯಾಮರ್. ನಮ್ಮ ಮಲೆನಾಡಿನ ಕೋವಿಗಳಲ್ಲಿ ಕುದುರೆ ಅನ್ನುತ್ತಾರಲ್ಲ, ಅದೇ. ಲಿವರ್ ಕೆಳಕ್ಕೆ ತಳ್ಳಿದಾಗ ನಳಿಗೆಯ ಹಿಂಬದಿ ಮುಚ್ಚುವ ಉಕ್ಕಿನ ತುಂಡು, ಅಂದರೆ ಬೋಲ್ಟ್, ಹಿಂದಕ್ಕೆ ಬಂದು ಈ ಹ್ಯಾಮರ್ ಮೇಲೆ ಉಜ್ಜಿಕೊಂಡೇ ಅದನ್ನು ಬಗ್ಗಿಸುತ್ತದೆ. ಉಜ್ಜಿದ ಕಡೆ ನಡುವಿನಲ್ಲಿ ಒಂದು ಹೊಳೆಯುವ ಗೆರೆ ಬೀಳುತ್ತದೆ. ಕಾರ್ಖಾನೆಯಲ್ಲೂ ಕೆಲವು ಸಲ ಲಿವರ್ ಆಡಿಸಿರುತ್ತಾರೆ, ಹಾಗಾಗಿ ಕೂದಲೆಳೆಯಷ್ಟು ಮಸುಕು ಗೆರೆ ಹೊಸದರಲ್ಲೂ ಇರುತ್ತದೆ. ಗೆರೆ ಅಗಲವಾಗಿ ಬೆಳ್ಳಗೆ ಹೊಳೆಯುತ್ತಿದ್ದರೆ ಯಾರೋ ಕೂತು ಆಡಿಸಿದ್ದಾರೆ ಅಂತಲೇ ತಿಳಿಯಿರಿ. ಹೊಡೆಯದೆ ಇದ್ದರೂ ನೆಂಟರು ಬಂದಾಗಲೆಲ್ಲ ಟಕ್ ಟಕ್ ಅಂತ ಆಡಿಸಿ ತೋರಿಸಿದರೆ ಇದೇ ಗತಿ.

ಎರಡನೆಯದು ತೋಟಾ ತುಂಬುವ ಬಾಗಿಲು. ರಿಸೀವರ್‌ನ ಬಲಗಡೆ ಸ್ಪ್ರಿಂಗಿನ ಸಣ್ಣ ಮುಚ್ಚಳ ಇದೆ. ಹೆಬ್ಬೆರಳಿನಿಂದ ಒಂದೊಂದೇ ತೋಟಾವನ್ನು ಅದರೊಳಗೆ ಒತ್ತಬೇಕು. ಹಿತ್ತಾಳೆಯ ತೋಟಾ ಆ ಬಾಗಿಲ ಅಂಚಿಗೆ ತರೆದುಕೊಂಡೇ ಒಳಗೆ ಹೋಗುತ್ತದೆ. ಚಿನ್ನದ ಲೇಪ ಬಹಳ ತೆಳು. ಸ್ವಲ್ಪ ತೋಟಾ ಹೋಗುವಷ್ಟರಲ್ಲೇ ಅಂಚಿನಲ್ಲಿ ಸಣ್ಣ ಸಣ್ಣ ಗೀರು ಕಾಣುತ್ತವೆ. ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿದು ನೋಡಿ, ಆಗ ಗೊತ್ತಾಗುತ್ತದೆ. ಹ್ಯಾಮರ್ ಗೆರೆ ದಪ್ಪಗಿದ್ದು ಬಾಗಿಲ ಅಂಚು ಗೀರಿದ್ದರೆ ಆ ಕೋವಿಯಿಂದ ಈಡು ಹೊಡೆದಾಗಿದೆ, ಮಾರುವವರು ಏನೇ ಹೇಳಲಿ.

ಇಂಥ ಕೋವಿಯ ಪಾಡು ವಿಚಿತ್ರ. ಗೆರೆ ಇದೆ ಅಂತ ಸಂಗ್ರಹ ಮಾಡುವವರಿಗೆ ಬೇಡ. ಥಳಥಳ ಹೊಳೆಯುತ್ತದೆ, ಕಾಡಿನಲ್ಲಿ ಜಿಂಕೆಗೆ ಕಾಣುತ್ತದೆ ಅಂತ ಬೇಟೆಗಾರರಿಗೂ ಬೇಡ. ಹಾಗಾಗಿ ಅದು ಅಂಗಡಿಯ ಮೂಲೆಯಲ್ಲಿ ನಿಂತಿರುತ್ತದೆ, ಕೆಲವೊಮ್ಮೆ 64ಕ್ಕೆ ಮುಂಚಿನ ಸಾದಾ ರೈಫಲ್‌ಗಿಂತಲೂ ಕಮ್ಮಿ ಬೆಲೆಗೆ ಸಿಗುತ್ತದೆ. ಹೊಡೆಯುವ ಆಸೆ ಇರುವವರು ಕಣ್ಣಿಡಬೇಕಾದದ್ದು ಇದರ ಮೇಲೆ. ಕಳೆದುಕೊಳ್ಳಲು ಅದರಲ್ಲಿ ಇನ್ನೇನೂ ಉಳಿದಿಲ್ಲ, ಹೊಡೆಯಲು ಎಲ್ಲವೂ ಇದೆ.

ಪೆಟ್ಟಿಗೆಯಲ್ಲಿ ಇಟ್ಟರೆ ಸುರಕ್ಷಿತ ಅನ್ನುವ ನಂಬಿಕೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ನಮ್ಮ ರಸ್ತೆಯ ಕೊನೆಯಲ್ಲಿ ಒಬ್ಬ ಹಿರಿಯರು ದನ ಸಾಕಿಕೊಂಡಿದ್ದರು. ಅವರ ಹತ್ತಿರ ಎರಡು ವಿಂಚೆಸ್ಟರ್ ಇದ್ದವು. ಒಂದು ಸಾದಾ ಕಾರ್ಬೈನ್, ಅಂದರೆ ಗಿಡ್ಡ ನಳಿಗೆಯ ರೈಫಲ್, ಪ್ರತಿ ವರ್ಷ ಜಿಂಕೆ ಬೇಟೆಗೆ ಹೋಗುವಂಥದ್ದು. ಮರದ ಹಿಡಿ ಕೈಯ ಎಣ್ಣೆ ಕುಡಿದು ಕಪ್ಪಾಗಿತ್ತು, ನಳಿಗೆಯ ಬಣ್ಣ ಮಾಸಿತ್ತು, ಆದರೆ ಒಳಗೆ ಕನ್ನಡಿ ಹಾಗೆ ಇತ್ತು. ಇನ್ನೊಂದು ಕಮೆಮೊರೇಟಿವ್, ಕೊಂಡ ದಿನದಿಂದ ಪೆಟ್ಟಿಗೆಯಲ್ಲೇ ಇದ್ದದ್ದು. ಅವರ ಮಗಳು ತೆಗೆದು ತೋರಿಸಿದಾಗ ನಾನೂ ಅಲ್ಲಿದ್ದೆ. ಥರ್ಮೋಕೋಲ್‌ಗೆ ಒತ್ತಿಕೊಂಡಿದ್ದ ಬದಿಯಲ್ಲಿ ನಳಿಗೆಯ ಉದ್ದಕ್ಕೂ ಕಂದು ಚುಕ್ಕೆಗಳು. ಮೇಲಿಂದ ನೋಡಿದರೆ ಏನೂ ಇಲ್ಲ, ತಿರುಗಿಸಿದರೆ ತುಕ್ಕು. ಒಂದು ಕಡೆ ಯಾವುದೋ ಕಾಲದಲ್ಲಿ ಯಾರೋ ಬೆವರಿದ ಕೈಯಲ್ಲಿ ಮುಟ್ಟಿದ ಬೆರಳಚ್ಚು, ಗೆರೆಗೆರೆಯಾಗಿ ಉಕ್ಕಿನಲ್ಲಿ ಕೊರೆದು ಕೂತಿತ್ತು. ಆಕೆ ಏನೂ ಮಾತಾಡಲಿಲ್ಲ, ಹೆಬ್ಬೆರಳಿನಿಂದ ಅದನ್ನು ಒರೆಸಲು ನೋಡಿದರು.

ಥರ್ಮೋಕೋಲ್, ರಟ್ಟು, ಬಟ್ಟೆಯ ಚೀಲ, ಇವೆಲ್ಲ ತೇವ ಹಿಡಿದಿಟ್ಟುಕೊಳ್ಳುತ್ತವೆ. ಒಳಗೆ ಗಾಳಿ ಆಡುವುದಿಲ್ಲ. ರೇಷ್ಮೆ ಸೀರೆಯನ್ನು ಮಡಿಕೆ ಬದಲಿಸದೆ ಬೀರುವಿನಲ್ಲಿ ಇಟ್ಟರೆ ಮಡಿಕೆಯಲ್ಲೇ ಹರಿಯುತ್ತದೆ ಅಂತ ನಮ್ಮ ಅಮ್ಮಂದಿರಿಗೆಲ್ಲ ಗೊತ್ತು, ವರ್ಷಕ್ಕೊಮ್ಮೆ ತೆಗೆದು ಗಾಳಿಗೆ ಹಾಕುತ್ತಾರೆ. ಉಕ್ಕಿನ ವಿಷಯದಲ್ಲೂ ಅದೇ ಎಚ್ಚರ ಬೇಕು. ಸಂಗ್ರಹಕ್ಕೆ ಇಡುವವರು ಕೋವಿಯನ್ನು ಪೆಟ್ಟಿಗೆಯಿಂದ ತೆಗೆದು ತೆಳುವಾಗಿ ಎಣ್ಣೆ ಒರೆಸಿ ಸೇಫ್‌ನಲ್ಲಿ ನಿಲ್ಲಿಸಲಿ. ಖಾಲಿ ಪೆಟ್ಟಿಗೆಯನ್ನು ಬೇರೆ ಕಡೆ, ಒಣ ಜಾಗದಲ್ಲಿ ಇಡಲಿ. ಪೆಟ್ಟಿಗೆಗೂ ಬೆಲೆ ಇದೆ, ಎಸೆಯಬೇಡಿ. ಅದರ ಜೊತೆ ಬಂದ ಚೀಟಿ, ಪುಸ್ತಿಕೆ, ವಾರಂಟಿ ಕಾರ್ಡು ಯಾವುದನ್ನೂ ಎಸೆಯಬೇಡಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ವಿಂಚೆಸ್ಟರ್ ಸಂಗ್ರಹದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾನ ಇರುವ ರೈಫಲ್‌ಗಳಲ್ಲಿ ಒಂದು ಮಾಡೆಲ್ 1873ರ 'ಒನ್ ಆಫ್ ಒನ್ ಥೌಸಂಡ್'. ಅದು ವಿಶೇಷ ಆದದ್ದು ಹೇಗೆ ಗೊತ್ತಾ? ಕಾರ್ಖಾನೆಯಲ್ಲಿ ನಳಿಗೆಗಳನ್ನು ಪರೀಕ್ಷೆಗೆ ಹೊಡೆಯುವಾಗ ಯಾವ ನಳಿಗೆಯ ಗುಂಡುಗಳು ಗುರಿಯಲ್ಲಿ ಒತ್ತೊತ್ತಾಗಿ ಬೀಳುತ್ತವೋ ಅದನ್ನು ಬೇರೆ ಎತ್ತಿಡುತ್ತಿದ್ದರು. ಅದಕ್ಕೆ ಒಳ್ಳೆಯ ಟ್ರಿಗರ್, ಒಳ್ಳೆಯ ಮರ, ಕೆತ್ತನೆ. ಬೆಲೆ 100 ಡಾಲರ್. ಆ ಕಾಲಕ್ಕೆ ಅದು ದೊಡ್ಡ ದುಡ್ಡು. ಒಟ್ಟು ತಯಾರಾದದ್ದು ನೂರಮೂವತ್ತರ ಸುಮಾರು ಮಾತ್ರ. ಕೊಂಡವರು ಅದನ್ನು ಕಪಾಟಿನಲ್ಲಿ ಇಡಲಿಲ್ಲ, ಹೊಡೆಯಲಿಕ್ಕೆ ಅಂತಲೇ ಕೊಂಡರು, ಹೊಡೆದರು. 1950ರಲ್ಲಿ ಒಂದು ಹಾಲಿವುಡ್ ಚಿತ್ರದ ಪ್ರಚಾರಕ್ಕಾಗಿ ಉಳಿದವು ಎಲ್ಲೆಲ್ಲಿವೆ ಅಂತ ದೇಶವೆಲ್ಲ ಹುಡುಕಿಸಿದರು, ಹಲವು ಸಿಕ್ಕವು. ಸವೆದ ಹಿಡಿಯ, ಗೀರು ಬಿದ್ದ ಆ ರೈಫಲ್‌ಗಳಿಗೆ ಇವತ್ತು ಲಕ್ಷಗಟ್ಟಲೆ ಡಾಲರ್. ಅವುಗಳ ವಿಶೇಷವೇ ಚೆನ್ನಾಗಿ ಗುರಿ ಹೊಡೆಯುವುದು. ಬಫಲೋ ಬಿಲ್ ರೈಫಲ್‌ನ ವಿಶೇಷ ಅದರ ಮೇಲೆ ಕೆತ್ತಿದ ಹೆಸರು. ಇವೆರಡನ್ನೂ ಒಂದೇ ಕಣ್ಣಿನಲ್ಲಿ ನೋಡುವುದು ನನಗೆ ಸರಿ ಕಾಣುವುದಿಲ್ಲ.

ದಾರಿ ಬಿಟ್ಟದ್ದೇ ಬಿಟ್ಟದ್ದು, ಕೊಡಗಿಗೂ ಹೋಗಿಬರೋಣ. ಸಭೆಯಲ್ಲಿ ಕೊಡವರು ಇದ್ದೀರಿ, ನನಗಿಂತ ಚೆನ್ನಾಗಿ ನಿಮಗೆ ಗೊತ್ತು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಮನೆಯ ಕೋವಿಗಳನ್ನೆಲ್ಲ ತೊಳೆದು ಒರೆಸಿ ಸಾಲಾಗಿ ಇಟ್ಟು ತೋಕ್ ಪೂ, ಅಂದರೆ ಕೋವಿ ಹೂ, ಸಿಕ್ಕಿಸಿ ಪೂಜೆ ಮಾಡುತ್ತಾರೆ. ಪೂಜೆ ಆದ ಮೇಲೆ ಅದೇ ಕೋವಿ ಮೈದಾನಕ್ಕೆ ಹೋಗುತ್ತದೆ. ಮರದ ತುದಿಯಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಹೊಡೆಯುವ ಪಂದ್ಯ. ಗಂಡುಮಗು ಹುಟ್ಟಿದರೆ ಒಂದು ಈಡು, ಮನೆಯಲ್ಲಿ ಸಾವಾದರೆ ಎರಡು ಈಡು, ಊರಿಗೆಲ್ಲ ಸುದ್ದಿ ತಿಳಿಯಲಿ ಅಂತ. ಪೂಜೆಗೆ ಇಟ್ಟ ವಸ್ತು ಅಂತ ಯಾರೂ ಅದನ್ನು ಹೊಡೆಯದೆ ಬಿಡುವುದಿಲ್ಲ. ಇಲ್ಲಿ ಕಮೆಮೊರೇಟಿವ್ ಹೊಡೆಯಬಾರದು ಅಂತ ಹಟ ಹಿಡಿಯುವವರ ಜೊತೆ ಮಾತಾಡುವಾಗ ನನಗೆ ಕೊಡಗಿನ ಈ ಹಬ್ಬ ನೆನಪಾಗುತ್ತದೆ.

ಹೊಡೆಯಬಾರದ್ದು ಯಾವುದು ಅಂತಲೂ ಹೇಳಬೇಕಲ್ಲ. ವಯೋಮಿಂಗ್ ಅಥವಾ ಅಲಾಸ್ಕಾದಂಥ ಕಮ್ಮಿ ಸಂಖ್ಯೆಯದು, ಪೆಟ್ಟಿಗೆ ಸಮೇತ, ಗೆರೆ ಇಲ್ಲದ ಹ್ಯಾಮರ್, ಗೀರು ಇಲ್ಲದ ಬಾಗಿಲು, ಹೀಗಿದ್ದರೆ ದಯವಿಟ್ಟು ಮುಟ್ಟಬೇಡಿ. ಅದನ್ನು ಹೊಡೆದರೆ ಬೆಲೆ ಬೀಳುವುದು ಒಂದು ಕಡೆ ಇರಲಿ, ಹಾಗೇ ಉಳಿದಿರುವ ಕೆಲವೇ ಕೆಲವುಗಳಲ್ಲಿ ಒಂದು ಕಮ್ಮಿಯಾಗುತ್ತದೆ. ಹೊಡೆಯಲು ಬೇರೆ ಕೋವಿ ಸಿಗುತ್ತದೆ. ಅದೇ ರೀತಿ ಯಾರಿಗೋ ಹೆಸರು ಕೆತ್ತಿಸಿ ಕೊಟ್ಟದ್ದು, ಜೊತೆಗೆ ಕಾಗದಪತ್ರ ಇರುವುದು, ಜೋಡಿ ಸೆಟ್‌ನಲ್ಲಿ ಒಂದೇ ನಂಬರಿನ ಎರಡು ಕೋವಿ ಇರುವುದು, ಇವನ್ನೂ ಇಟ್ಟುಕೊಳ್ಳಿ. ಕಾರ್ಖಾನೆಯ ಹಳೇ ಸಂಗ್ರಹ ನ್ಯೂ ಹೇವನ್‌ನಿಂದ ವಯೋಮಿಂಗ್‌ನ ಕೋಡಿ ಊರಿಗೆ 1970ರ ದಶಕದಲ್ಲೇ ಹೋಗಿದೆ, ಬಫಲೋ ಬಿಲ್ ಸೆಂಟರ್ ಆಫ್ ದಿ ವೆಸ್ಟ್ ಅನ್ನುವ ಮ್ಯೂಸಿಯಂನಲ್ಲಿ. ಯೆಲ್ಲೋಸ್ಟೋನ್‌ಗೆ ಹೋಗುವವರು ದಾರಿಯಲ್ಲಿ ಅರ್ಧ ದಿನ ಎತ್ತಿಡಿ. ಮಾಡೆಲ್ 94 ಯಾವ ಯಾವ ರೂಪದಲ್ಲಿ ಬಂತು ಅಂತ ಅಲ್ಲಿ ಸಾಲಾಗಿ ನೋಡಬಹುದು.

ತೋಟಾ ಸಿಗುವುದೂ ಲೆಕ್ಕಕ್ಕೆ ಬರುತ್ತದೆ. ಬಹುಪಾಲು ಕಮೆಮೊರೇಟಿವ್‌ಗಳು .30-30. ಅದು ಯಾವ ಸಣ್ಣ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಜಾನ್ ವೇನ್ ರೈಫಲ್ .32-40. ಇದು 1880ರ ದಶಕದ ತೋಟಾ, ಆ ರೈಫಲ್ ಬಂದಾಗ ಅದಕ್ಕಾಗಿಯೇ ಮತ್ತೆ ತಯಾರಿಸಿದರು. ಇವತ್ತು ಹುಡುಕಿದರೂ ಸಿಗುವುದು ಕಷ್ಟ, ಸಿಕ್ಕರೆ ಬೆಲೆ ಕೇಳಿ ಕೈ ಬಿಡಬೇಕು. ಮನೆಯಲ್ಲೇ ತೋಟಾ ತುಂಬುವ ಅಭ್ಯಾಸ ಇದ್ದರೆ ಮಾತ್ರ ಅದನ್ನು ಹೊಡೆಯಲು ಇಟ್ಟುಕೊಳ್ಳಿ. ಆಲಿವರ್ ವಿಂಚೆಸ್ಟರ್, ಕ್ರೇಜಿ ಹಾರ್ಸ್ ಹೆಸರಿನವು .38-55, ಅದರ ಕಥೆಯೂ ಹೆಚ್ಚುಕಮ್ಮಿ ಅಷ್ಟೇ.

ಹೊಡೆಯುವ ಸುಖದ ಬಗ್ಗೆ ಹೇಳದೆ ಹೋದರೆ ಈ ಮಾತೆಲ್ಲ ಯಾಕೆ? ಮೂರು ಬೆರಳು ಲಿವರ್‌ನ ಬಳೆಯೊಳಗೆ. ಕೋವಿಯನ್ನು ಭುಜದಿಂದ ಇಳಿಸಬೇಕಾಗಿಲ್ಲ, ಕಣ್ಣು ಗುರಿಯಿಂದ ತೆಗೆಯಬೇಕಾಗಿಲ್ಲ. ಕೆಳಕ್ಕೆ ತಳ್ಳಿದಿರಿ, ಖಾಲಿ ತೋಟಾ ನೆತ್ತಿಯ ಮೇಲಿಂದ ಹಾರಿ ಹೋಯಿತು. ಮೇಲಕ್ಕೆ ಎಳೆದಿರಿ, ಮುಂದಿನದು ಒಳಗೆ ಕೂತಿತು. ಅಳುಕುತ್ತಾ ನಿಧಾನವಾಗಿ ಮಾಡಿದರೆ ತೋಟಾ ಅಡ್ಡ ಸಿಕ್ಕಿಕೊಳ್ಳುತ್ತದೆ. ಒಂದೇ ಏಟಿಗೆ, ಗಟ್ಟಿಯಾಗಿ, ಪೂರ್ತಿ ತಳ್ಳಿ ಪೂರ್ತಿ ಎಳೆಯಬೇಕು. ಆ ಲಯ ಕೈಗೆ ಹತ್ತಿದ ಮೇಲೆ ಇದನ್ನು ಬ್ರೌನಿಂಗ್ ಎಷ್ಟು ಯೋಚನೆ ಮಾಡಿ ಕಟ್ಟಿದ್ದಾರೆ ಅಂತ ಕೈಗೇ ಗೊತ್ತಾಗುತ್ತದೆ. 130 ವರ್ಷದ ಹಿಂದಿನ ಯೋಚನೆ, ಇವತ್ತಿಗೂ ತಪ್ಪಿಲ್ಲ. ಗಾಜಿನ ಹಿಂದೆ ಇಟ್ಟು ನೋಡಿದರೆ ಇದು ಎಂದಿಗೂ ತಿಳಿಯುವುದಿಲ್ಲ, ಅದಕ್ಕೇ ನಾನು ಹೊಡೆಯಿರಿ ಅಂತ ಒತ್ತಾಯ ಮಾಡುವುದು.

ಎರಡು ಮೂರು ಎಚ್ಚರ. ಈ ರೈಫಲ್‌ನಲ್ಲಿ ತೋಟಾಗಳು ನಳಿಗೆಯ ಕೆಳಗಿನ ಕೊಳವೆಯಲ್ಲಿ ಒಂದರ ಹಿಂದೆ ಒಂದು ಮಲಗುತ್ತವೆ. ಚೂಪು ಮೂತಿಯ ಗುಂಡು ಹಾಕಿದರೆ ಅದರ ತುದಿ ಮುಂದಿನ ತೋಟಾದ ಹಿಂಬದಿಯ ಕೇಪಿಗೆ, ಮದ್ದಿಗೆ ಕಿಡಿ ಹೊತ್ತಿಸುವ ಭಾಗಕ್ಕೆ, ಒತ್ತಿಕೊಳ್ಳುತ್ತದೆ, ಏಟಿನ ಅದುರಿಗೆ ಕೊಳವೆಯೊಳಗೇ ಸಿಡಿಯಬಹುದು. ಚಪ್ಪಟೆ ಅಥವಾ ದುಂಡು ಮೂತಿಯದ್ದು, ಇಲ್ಲದಿದ್ದರೆ ಇಂಥ ಕೋವಿಗೆ ಅಂತಲೇ ಮೆತ್ತನೆ ತುದಿ ಇಟ್ಟು ಮಾಡಿದ್ದು ಮಾತ್ರ ಬಳಸಿ. 1992ಕ್ಕೆ ಮುಂಚಿನವಕ್ಕೆ ಪಕ್ಕದಲ್ಲಿ ಒತ್ತುವ ಸೇಫ್ಟಿ ಗುಂಡಿ ಇಲ್ಲ, ಹ್ಯಾಮರ್ ಅನ್ನು ಅರ್ಧಕ್ಕೆ ನಿಲ್ಲಿಸುವುದೇ ಸೇಫ್ಟಿ. ಎಣ್ಣೆ ಮೆತ್ತಿದ ಹೆಬ್ಬೆರಳಿನಲ್ಲಿ ಹ್ಯಾಮರ್ ಇಳಿಸಬೇಡಿ, ಜಾರುತ್ತದೆ. ನಳಿಗೆ ಯಾವಾಗಲೂ ಗುರಿಯ ದಿಕ್ಕಿಗೇ ಇರಲಿ. ಮತ್ತೆ ಅರ್ಧಚಂದ್ರದ ಆ ಹಿತ್ತಾಳೆ ನೋಡಲು ಚಂದ, ಎದೆಗೂಡಿಗೆ ಒತ್ತಿ ಹಿಡಿದರೆ ಅದರ ಎರಡು ಕೊಂಬು ಚುಚ್ಚುತ್ತವೆ. ಭುಜದ ಹೊರಗಡೆ, ತೋಳಿನ ಮೇಲ್ಭಾಗಕ್ಕೆ ಕೂರಿಸಿ. ಹಳಬರು ಹೊಡೆಯುತ್ತಿದ್ದದ್ದು ಹಾಗೆಯೇ.

ಹೊಡೆದ ಮೇಲೆ ನಳಿಗೆಯ ಒಳಗೆ ಮಾಮೂಲಿಯಂತೆ ಸ್ವಚ್ಛ ಮಾಡಿ. ಚಿನ್ನದ ಲೇಪಕ್ಕೆ ಮಾತ್ರ ಪಾಲಿಶ್ ಹಾಕಿ ಉಜ್ಜಬೇಡಿ, ಉಜ್ಜಿದಷ್ಟೂ ಹೋಗುತ್ತದೆ. ತಾಮ್ರದ ಕಲೆ ತೆಗೆಯುವ ಘಾಟು ದ್ರಾವಣ ಅದರ ಮೇಲೆ ಸೋರದ ಹಾಗೆ ನೋಡಿಕೊಳ್ಳಿ. ಮೆತ್ತನೆ ಹತ್ತಿ ಬಟ್ಟೆ, ಎರಡು ಹನಿ ಎಣ್ಣೆ, ಸಾಕು.

ಕಾನೂನಿನ ಮಾತು ಚಿಕ್ಕದಾಗಿ, ಆದರೆ ಇದು ನಮ್ಮವರಿಗೆ ಬಹಳ ಮುಖ್ಯ. ಎಚ್-1ಬಿಯಂಥ ವೀಸಾದಲ್ಲಿ ಇರುವವರು ಫೆಡರಲ್ ಕಾನೂನಿನ ಪ್ರಕಾರ ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಗುರಿ ಅಭ್ಯಾಸ ಮಾಡುವ ರೇಂಜ್‌ನಲ್ಲಿ ಗೆಳೆಯನ ಕೋವಿಯನ್ನು ಕೈಗೆ ತೆಗೆದುಕೊಳ್ಳುವುದೂ ಅದರಲ್ಲೇ ಬರುತ್ತದೆ. ರಾಜ್ಯ ಕೊಡುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ, ಅದು ಚಾಲ್ತಿಯಲ್ಲಿ ಇರಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಈ ತಡೆ ಇಲ್ಲ. ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ, ಹಾಗಾಗಿ ವಕೀಲರನ್ನು ಕೇಳದೆ ಸುಮ್ನೆ ಗೆಳೆಯರ ಮಾತು ನಂಬಬೇಡಿ. ವೀಸಾ ಹೋಗುವ ವಿಷಯ ಇದು.

ಕೊನೆಗೆ ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ ಬಹಳ ಒಳ್ಳೆಯದು, ಎಲ್ಲರಿಗೂ ಕೇಳಿಸಲಿ ಅಂತ ಇಲ್ಲಿ ಹೇಳುತ್ತೇನೆ. ಗ್ರೀನ್ ಕಾರ್ಡ್ ಬಂದ ಮೇಲೆ ಅವರು ಕಾಗದಪತ್ರ ಎಲ್ಲ ಸರಿಮಾಡಿ ಒಂದು ಬಫಲೋ ಬಿಲ್ ಕೊಂಡಿದ್ದಾರೆ. ಜೊತೆಗೆ ಅದೇ ಚಿತ್ರ ಇರುವ ಬಫಲೋ ಬಿಲ್ ತೋಟಾದ ಒಂದು ತೆರೆಯದ ಡಬ್ಬಿಯೂ ಬಂದಿದೆ. ಅದರಲ್ಲೇ ಹೊಡೆಯಬಹುದಾ ಅಂತ ಕೇಳುತ್ತಿದ್ದಾರೆ. ಬೇಡ. ಆ ಡಬ್ಬಿಯನ್ನೇ ಸಂಗ್ರಹಿಸುವವರು ಬೇರೆ ಇದ್ದಾರೆ, ತುಂಬಿದ ಡಬ್ಬಿಗೆ ಅದರದೇ ಬೆಲೆ. ಒಡೆದರೆ ಸಿಗುವುದು ಅರ್ಧ ಶತಮಾನ ಹಳೆಯ ಇಪ್ಪತ್ತು ತೋಟಾ ಅಷ್ಟೇ. ಅದನ್ನು ಒಣ ಜಾಗದಲ್ಲಿ ಇಡಿ. ಮೊದಲು ಕೋವಿಯ ಹ್ಯಾಮರ್ ಮತ್ತು ಬಾಗಿಲ ಅಂಚು ನೋಡಿ. ಗೆರೆ ದಪ್ಪಗಿದ್ದರೆ, ಗೀರು ಇದ್ದರೆ, ಯೋಚನೆಯೇ ಬೇಡ. ಕೋವಿ ರಿಪೇರಿ ಮಾಡುವ ಒಬ್ಬ ಗನ್‌ಸ್ಮಿತ್ ಹತ್ತಿರ ಒಮ್ಮೆ ತೋರಿಸಿ, ಇಷ್ಟು ವರ್ಷದ ಗಟ್ಟಿಯಾದ ಹಳೇ ಗ್ರೀಸ್ ತೆಗೆಸಿ. ಅಂಗಡಿಯಲ್ಲಿ 150 ಗ್ರೇನ್ ತೂಕದ ಗುಂಡಿನ ಸಾದಾ .30-30 ಒಂದು ಡಬ್ಬಿ ತೆಗೆದುಕೊಳ್ಳಿ. 50 ಗಜದಿಂದ ಶುರು ಮಾಡಿ, ಕಬ್ಬಿಣದ ಸೈಟ್ ಎಲ್ಲಿ ಹೊಡೆಯುತ್ತದೆ ಅಂತ ನೋಡಿಕೊಂಡು ಆಮೇಲೆ ನೂರಕ್ಕೆ ಹೋಗಿ. ಕಿವಿಗೆ, ಕಣ್ಣಿಗೆ ರಕ್ಷಣೆ ಮರೆಯಬೇಡಿ.